ಬೆಕ್ಕಿನ ಪರವಾಗಿ ಮಾವನ ಪಥ್ಯ

ನನ್ನ ಸೋದರಮಾವ ಡಾಕ್ಟರಲ್ಲ. ಇದನ್ನು ನೀವು ಮೊದಲೇ ತಿಳಿದುಕೊಂಡಿರುವುದು ಒಳ್ಳೆಯದು. ಏಕೆಂದರೆ ಈ ಸಂಗತಿ ಸ್ವತಃ ಅವರಿಗೇ ತಿಳಿದಿರಲಿಲ್ಲ!

ಅವರದ್ದು ಹೋಟೆಲು. ಎಪ್ಪತ್ತರ ದಶಕದ ಫರೀದಾಬಾದಿನಲ್ಲಿ, ಕಾರ್ಖಾನೆಗಳ ಹೊಗೆ, ಧೂಳು, ಸೈಕಲ್ಲುಗಳ ನಡುವೆ, ಉಡುಪಿ ಕಡೆಯಿಂದ ಬಂದು ಇಟ್ಟ ಇಡ್ಲಿ-ದೋಸೆಯ ಹೋಟೆಲು. ಗಲ್ಲಾದ ಹಿಂದೆ ಕೂತವರು ಬಿಲ್ಲು ತೆಗೆದುಕೊಳ್ಳಬೇಕು, ಅಷ್ಟೇ ತಾನೇ? ಮಾವ ಹಾಗಲ್ಲ. ಎದುರು ನಿಂತವರ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಜಗ್ಗಿ, ಟಾರ್ಚು ಬಿಟ್ಟು, ಒಳಗೆ ಇಣುಕುತ್ತಿದ್ದರು. ನೀವು ಎರಡು ಪೂರಿ ತಿಂದು ಕೈತೊಳೆದು ಬಂದಿದ್ದೀರಿ, ಹೋಟೆಲಿನ ಯಜಮಾನ ನಿಮ್ಮ ಕಣ್ಣು ಕೀಳಲು ಬರುತ್ತಿದ್ದಾನೆ! ಯಾವ ಗಿರಾಕಿ ಸಹಿಸಿಕೊಂಡಾನು?

ಒಂದು ಸಲ ಒಬ್ಬ ಫೋರ್‌ಮನ್ ಸರ್ದಾರ್‌ಜಿ ಹಸಿದು ಬಂದು ಪೂರಿ ಕೇಳಿದರು. ಮಾವ ಗಲ್ಲಾದಿಂದ ಇಳಿದು ಹೋಗಿ ಅವರ ರೆಪ್ಪೆ ಎಳೆದರು.

"ಆಪ್ ಕಾ ಆಂಖ್ ಪೀಲಾ ಹೈ. ಪೂರಿ ನಹೀ ಮಿಲೇಗಾ. ಇಡ್ಲಿ ಖಾವ್," ಎಂದರು ತಮ್ಮ ಉಡುಪಿ ಹಿಂದಿಯಲ್ಲಿ. ಕಣ್ಣು ಹಳದಿಯಂತೆ, ಪೂರಿ ಕೊಡುವುದಿಲ್ಲವಂತೆ!

"ಅರೇ ಅಣ್ಣಾ, ನೈಟ್ ಡ್ಯೂಟಿ ಥಾ! ಸೋಯಾ ನಹೀಂ, ಬಸ್!" ಎಂದು ಅವರು ನಿದ್ದೆಗೆಟ್ಟ ಕಣ್ಣು ಉಜ್ಜಿಕೊಂಡರು.

"ಇಡ್ಲಿ!"

ಸರ್ದಾರ್‌ಜಿ ಎದ್ದು ಎದುರಿನ ಢಾಬಾಕ್ಕೆ ಹೋದರು. ಅಡುಗೆಯ ಭಟ್ಟರು ಒಳಗಿನಿಂದ ಬಂದು ಗೋಳಾಡಿದರು: "ಧಣಿ, ಹೀಗೇ ಮಾಡ್ತಾ ಹೋದ್ರೆ ಈ ಹೋಟೆಲಿನಲ್ಲಿ ತಿನ್ನಲಿಕ್ಕೆ ಉಳಿಯುವುದು ನಾನು, ನೀವು ಇಬ್ಬರೇ."

ಮಾವ ಅವರನ್ನೇ ದಿಟ್ಟಿಸಿದರು. "ಎಲ್ಲಿ, ನಿನ್ನ ಕಣ್ಣು ತೋರಿಸು."

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ನಮ್ಮ ಮಾವನ ಕಣ್ಣಿಗೆ ಕಂಡವರಿಗೆಲ್ಲ ಕಾಮಾಲೆ! ತಲೆನೋವೆಂದರೆ ಕಾಮಾಲೆ, ಆಕಳಿಸಿದರೆ ಕಾಮಾಲೆ, ಪರೀಕ್ಷೆಯ ಹಿಂದಿನ ದಿನ ನಾನು ಊಟ ಬಿಟ್ಟರೂ ಕಾಮಾಲೆ. ಎಂ.ಎ. ಓದಲೆಂದು ಊರಿನಿಂದ ಬಂದು ಹೋಟೆಲಿನ ಮೇಲಿನ ಕೋಣೆಯಲ್ಲಿ ಇದ್ದವಳು ನಾನು. ಬೆಳಿಗ್ಗೆ ಲೋಕಲ್ ಹಿಡಿದು ದೆಹಲಿಯ ಕಾಲೇಜಿಗೆ, ಸಂಜೆ ವಾಪಸು. ಹೋಗುವಾಗ ಒಮ್ಮೆ, ಬಂದಾಗ ಒಮ್ಮೆ ರೆಪ್ಪೆ ಜಗ್ಗಿಸಿಕೊಂಡೇ ಮೆಟ್ಟಿಲು ಹತ್ತಬೇಕು. ನನಗೋ ಮೂಗಿನ ತುದಿಯಲ್ಲೇ ಕೋಪ. "ಮಾವ, ಇದು ಕಣ್ಣು, ಅಂಚೆ ಡಬ್ಬ ಅಲ್ಲ!" ಎಂದು ಎಷ್ಟೋ ಸಲ ಕೂಗಾಡಿದ್ದೇನೆ. ಅವರು ಇನ್ನೊಂದು ಕಣ್ಣನ್ನೂ ಜಗ್ಗುತ್ತಿದ್ದರು. ಮಾವ ಒಂಟಿ ಮನುಷ್ಯ. ಅತ್ತೆ ನಾನು ಹುಟ್ಟುವ ಮೊದಲೇ ತೀರಿಹೋಗಿದ್ದರಂತೆ. ಒಂಟಿಯಾಗಿದ್ದವರಿಗೆ ಹೀಗೊಂದು ಮರುಳು ಇರುತ್ತದೆ ಎಂದು ನಾನು ಸುಮ್ಮನಾಗಿದ್ದೆ.

ಇಂಥ ಮಾವನ ಹೋಟೆಲಿನಲ್ಲಿ ಒಂದು ಬೆಕ್ಕಿತ್ತು. ಅಪ್ಪಟ ಬಿಳಿ ಬೆಕ್ಕು. ಮಾಣಿಗಳು ಅದಕ್ಕೆ ಮಹಾರಾಣಿ ಎಂದು ಹೆಸರಿಟ್ಟಿದ್ದರು. ಮಾವ ಮಾತ್ರ ಆ ಹೆಸರು ಹಿಡಿದು ಒಂದು ದಿನವೂ ಕರೆದವರಲ್ಲ.

"ಬೆಕ್ಕಿಗೆಂತ ಹೆಸರು? ಅದು ಸ್ಟಾಫ್. ಇಲಿ ಹಿಡಿಯಲಿಕ್ಕೆ ಇಟ್ಟದ್ದು. ಹಿಡಿಯದಿದ್ರೆ ನಾಳೆಯೇ ಡಿಸ್ಮಿಸ್!"

ಸಸ್ಯಾಹಾರಿ ಹೋಟೆಲಿನ ಏಕೈಕ ಮಾಂಸಾಹಾರಿ ಸ್ಟಾಫ್! ಆದರೆ ದಿನಾ ಬೆಳಿಗ್ಗೆ ಕಾವಲಿಯ ಮೊದಲನೇ ದೋಸೆ ಯಾರಿಗೆ? ಆ ಸ್ಟಾಫಿಗೆ. ಮೊದಲನೆಯದು ಸರಿಯಾಗಿ ಏಳುವುದಿಲ್ಲ, ಗಿರಾಕಿಗೆ ಕೊಡುವ ಹಾಗಿಲ್ಲ, ಅದಕ್ಕೆ ಎನ್ನುವುದು ಮಾವನ ಸಮಜಾಯಿಷಿ.

"ಹಾಗಾದ್ರೆ ಅದಕ್ಕೆ ತುಪ್ಪ ಯಾಕೆ ಮಾವ?" ಎಂದು ಕೇಳಿದೆ ಒಮ್ಮೆ.

"ತುಪ್ಪ ಹಾಕದಿದ್ರೆ ಕಾವಲಿಗೆ ಅಂಟುತ್ತದೆ ಮಾರಾಯ್ತಿ. ನಿನಗೆ ಅಡುಗೆ ಗೊತ್ತುಂಟಾ?"

ಒಂದು ದಿನ ಬೆಳಿಗ್ಗೆ ಮೊದಲ ದೋಸೆ ತಟ್ಟೆಯಲ್ಲಿ ತಣ್ಣಗಾಯಿತು. ಸ್ಟಾಫ್ ಬರಲಿಲ್ಲ. ಹುಡುಕಿದರೆ ಅಕ್ಕಿ ಮೂಟೆಗಳ ಹಿಂದೆ ಮುದುಡಿ ಮಲಗಿತ್ತು. ಅದರ ಮೂಗಿನ ಮುಂದೆಯೇ ಒಂದು ಸುಂಡಿಲಿ ನಿಧಾನವಾಗಿ ನಡೆದುಹೋಯಿತು. ಮಹಾರಾಣಿ ಸುಮ್ಮನೆ ನೋಡಿದಳು. ನಾನು ಎತ್ತಿಕೊಂಡು ಬೆಳಕಿಗೆ ತಂದೆ. ಬಿಳಿ ಕಿವಿಗಳ ಒಳಭಾಗ ಹಳದಿ!

"ಓ, ಅರಸಿನ!" ಎಂದು ಭಟ್ಟರು ನಕ್ಕರು. "ನಿನ್ನೆ ಸಾರಿನ ಪುಡಿ ಮಾಡುವಾಗ ಅಲ್ಲೇ ಸುತ್ತುತ್ತಾ ಇತ್ತು. ಅರಸಿನದ ಡಬ್ಬಕ್ಕೆ ತಲೆ ಹಾಕಿರಬೇಕು."

"ಅರಸಿನ ಹಚ್ಚಿಕೊಂಡು ಮದುಮಗಳಾಗಿದ್ದಾಳೆ ನಮ್ಮ ಮಹಾರಾಣಿ!" ಎಂದು ನಾನೂ ನಕ್ಕೆ.

"ಯಾರು ಹೇಳಿದ್ದು ಅರಸಿನ ಅಂತ?"

ಮಾವನ ದನಿ ಅದು ಎಂದು ನನಗೆ ತಕ್ಷಣ ಗೊತ್ತಾಗಲಿಲ್ಲ. ಅಷ್ಟು ಬದಲಾಗಿತ್ತು. ಗಲ್ಲಾ ಬಿಟ್ಟು ಬಂದು ನಿಂತಿದ್ದರು. ಮುಖ ಬಿಳಿಚಿತ್ತು. "ಅರಸಿನ ಅಂತೆ ಅರಸಿನ! ತೊಳೆಯಿರಿ ಅದನ್ನು. ಈಗಲೇ ತೊಳೆಯಿರಿ. ತೊಳೆದು ನನಗೆ ತೋರಿಸಿ!"

ಬೆಕ್ಕಿಗೆ ನೀರು ಸೋಕಿಸಿದವರು ಯಾರಾದರೂ ಉಳಿದಿದ್ದಾರೆಯೇ? ಭಟ್ಟರು ದೇವರ ಮೇಲೆ ಭಾರ ಹಾಕಿ ಬಿಸಿನೀರು, ಅಂಟುವಾಳದ ನೊರೆ ಸಿದ್ಧಮಾಡಿದರು. ನಾನು ಕೈಗಳಿಗೆ ಗೋಣಿತಾಟು ಸುತ್ತಿಕೊಂಡು ಹಿಡಿದೆ. ಅವಳು ಪರಚಲಿಲ್ಲ. ಕೂಗಲೂ ಇಲ್ಲ. ಒದ್ದೆ ಬಟ್ಟೆಯ ಹಾಗೆ ಕೈಯಲ್ಲಿ ಜೋತುಬಿದ್ದಳು. ನಿಜ ಹೇಳುತ್ತೇನೆ, ಆಗ ಮೊದಲ ಬಾರಿಗೆ ನನಗೆ ಹೆದರಿಕೆಯಾಯಿತು.

ಹಳದಿ ಹೋಗಲಿಲ್ಲ. ಮಾವ ನೆಲದಲ್ಲಿ ಕೂತು ಅವಳ ಕೆಳರೆಪ್ಪೆ ಎಳೆದು ನೋಡಿದರು, ಬಾಯಿ ಬಿಡಿಸಿ ಒಸಡು ನೋಡಿದರು. ಊರಿನವರ ಕಣ್ಣನ್ನೆಲ್ಲ ಒಂದೇ ಸಲ ಜಗ್ಗಿ ಬಿಡುವ ಹೆಬ್ಬೆರಳು ಈಗ ಮತ್ತೆ ಮತ್ತೆ ಅದೇ ರೆಪ್ಪೆಗೆ ಹೋಯಿತು.

"ಅರಸಿನ ಅಲ್ಲ. ಅರಸಿನ ಕಾಮಾಲೆ," ಎಂದರು. ಜೀವಮಾನದಲ್ಲಿ ಅವರ ರೋಗನಿರ್ಣಯ ಸರಿಯಾದದ್ದು ಅದೊಂದೇ ಸಲ.

ಮುಂದಿನ ಕೆಲಸ ಟ್ರಂಕ್ ಕಾಲ್! ಊರಿನ ಅಂಚೆ ಕಚೇರಿಗೆ ಕರೆ ಬುಕ್ ಮಾಡಿ, ಪಕ್ಕದ ಮನೆಯ ನಾಟಿ ವೈದ್ಯ ಪಂಡಿತರನ್ನು ಫೋನಿಗೆ ಕರೆಸಲು ಹೇಳಿ, ಮಾವ ಮಧ್ಯಾಹ್ನದವರೆಗೆ ಫೋನಿನ ಮುಂದೆ ಕೂತರು. ಹೋಟೆಲಿನಲ್ಲಿ ಊಟದ ಗದ್ದಲ. ಕೊನೆಗೂ ಲೈನು ಸಿಕ್ಕಿತು. ಪಂಡಿತರ ಕಂಠ ಎಂಥದೆಂದರೆ ಫೋನಿಲ್ಲದಿದ್ದರೂ ಫರೀದಾಬಾದಿಗೆ ಕೇಳುತ್ತಿತ್ತೇನೋ!

"ಯಾರಿಗೆ ಕಾಮಾಲೆ?" ಎಂದು ಗುಡುಗಿದರು ಅವರು.

ಮಾವ ಸುತ್ತ ನೋಡಿದರು. ಭಟ್ಟರಿದ್ದರು, ಮಾಣಿಗಳಿದ್ದರು, ಗಿರಾಕಿಗಳಿದ್ದರು. ಸ್ಟಾಫ್ ಸ್ಟಾಫ್ ಎಂದು ನಾಲ್ಕು ವರ್ಷ ಹೇಳಿದ ಮನುಷ್ಯ, ಬೆಕ್ಕಿಗೋಸ್ಕರ ಫರೀದಾಬಾದಿನಿಂದ ಉಡುಪಿಗೆ ಫೋನು ಮಾಡಿದ್ದೇನೆ ಎಂದು ಯಾವ ಬಾಯಿಂದ ಹೇಳುವುದು?

"ಮನೆಯಲ್ಲಿ... ಒಬ್ಬಳಿಗೆ!"

"ವಯಸ್ಸೆಷ್ಟು?"

"ನಾಲ್ಕು ವರ್ಷ!"

"ಹೆಣ್ಣು ಮಗುವಾ? ಊಟ ಮಾಡ್ತದಾ?"

"ಇಲ್ಲ ಪಂಡಿತರೇ! ಮೊದಲಾದ್ರೆ ಮುಟ್ಟಿದವರನ್ನು ಕಚ್ಚಲಿಕ್ಕೆ ಬರ್ತಿತ್ತು, ಪರಚುತ್ತಿತ್ತು. ಈಗ ಅದೂ ಇಲ್ಲ!"

"ಮುದ್ದು ಮಾಡಿ ಹಾಳು ಮಾಡಿದ್ದೀರಿ ಮಾರಾಯ್ರೆ! ನೆಲನೆಲ್ಲಿ ಬೇರು ಸಮೇತ ಅರೆದು ಮಜ್ಜಿಗೆಯಲ್ಲಿ ಕುಡಿಸಿ. ಪಥ್ಯ ಕಟ್ಟುನಿಟ್ಟು. ಉಪ್ಪಿಲ್ಲ, ಹುಳಿಯಿಲ್ಲ, ಎಣ್ಣೆ ತುಪ್ಪ ಕಣ್ಣಿಗೂ ತೋರಿಸಬಾರದು. ಗಂಜಿತಿಳಿ ಮಾತ್ರ. ಜಿಡ್ಡು ಸೋಕಿದ್ರೆ ಜೀವ ಹೋಯ್ತು, ತಿಳೀತಾ?"

"ಹಟ ಮಾಡಿದ್ರೆ?"

"ಮೊಲೆ ಕುಡಿಯುವ ಮಗುವಾದ್ರೆ ತಾಯಿ ಪಥ್ಯ ಹಿಡೀತಾಳೆ. ಆದ್ರೆ ನಿಮ್ಮದು..."

ಲೈನು ಕಟ್ಟಾಯಿತು! "ಆದ್ರೆ" ಎಂದಮೇಲೆ ಪಂಡಿತರು ಏನು ಹೇಳಿದರೋ ಆ ತಂತಿಗೇ ಗೊತ್ತು. ಮಾವನ ಕಿವಿಗೆ ಬಿದ್ದದ್ದು ತಾಯಿ ಪಥ್ಯ ಹಿಡಿಯಬೇಕು ಎನ್ನುವವರೆಗೆ. ಈ ಬೆಕ್ಕಿಗೆ ತಾಯಿ ಎಲ್ಲಿಂದ ಬರಬೇಕು? ಮಾವ ಭಟ್ಟರ ಮುಖ ನೋಡಿದರು. ಭಟ್ಟರಿಗೆ ಒಳಗೆ ಏನೋ ಸೀಯುವ ವಾಸನೆ ಬಂತು. ಮಾವ ನನ್ನ ಮುಖ ನೋಡಿದರು. ನಾನು ಪುಸ್ತಕ ತೆರೆದೆ.

ಅಂದಿನಿಂದ ಮಾವನೇ ಪಥ್ಯಕ್ಕೆ ಕೂತರು. ಹೌದು ಸ್ವಾಮಿ, ಬೆಕ್ಕಿನ ಪರವಾಗಿ! ರೈಲು ಹಳಿಯ ಬದಿಯ ಹುಲ್ಲಿನಲ್ಲಿ ಕುಕ್ಕರುಗಾಲಲ್ಲಿ ತೆವಳಿ ನೆಲನೆಲ್ಲಿ ಕಿತ್ತು ತಂದರು. ಅದನ್ನು ಅರೆದು ಬೆಕ್ಕಿಗೆ ಎರಡು ಹನಿ, ತಮಗೆ ಒಂದು ಲೋಟ. ಬೆಕ್ಕಿಗೆ ಉಪ್ಪಿಲ್ಲದ ಗಂಜಿತಿಳಿ, ತಮಗೂ ಅದೇ. ಬೆಕ್ಕು ಮೂತಿ ತಿರುಗಿಸುತ್ತಿತ್ತು. ಮಾವ ಕಣ್ಣು ಮುಚ್ಚಿ ಕುಡಿಯುತ್ತಿದ್ದರು.

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎನ್ನುತ್ತಾರಲ್ಲ, ಮಾವ ತಾಯಿಯಾಗಲು ಹೋಗಿ ಉಪ್ಪು ಬಿಟ್ಟರು. ಅದರ ಫಲ ಉಂಡವರು ಮಾತ್ರ ಗಿರಾಕಿಗಳು! ಏಕೆಂದರೆ ಸಾಂಬಾರಿನ ರುಚಿ ನೋಡಿ ಸೈ ಅನ್ನುವವರು ಅಲ್ಲಿಯವರೆಗೆ ಮಾವ. ಈಗ ಅವರು ನಾಲಿಗೆಗೆ ಸೋಕಿಸುವ ಹಾಗಿಲ್ಲ. ಭಟ್ಟರಿಗೆ ತಮ್ಮ ಅಂದಾಜಿನ ಮೇಲೆ ಅಪಾರ ನಂಬಿಕೆ. ಒಂದು ದಿನ ಸಾಂಬಾರು ಸಮುದ್ರ, ಮರುದಿನ ಬಾವಿ ನೀರು. ಸರ್ದಾರ್‌ಜಿ ಢಾಬಾದಲ್ಲೇ ಖಾಯಂ ಆದರು.

ನಗುತ್ತಿದ್ದೆವು ನಿಜ. ಆದರೆ ಮಹಾರಾಣಿ ಕರಗುತ್ತಿದ್ದಳು. ಬೆನ್ನು ಸವರಿದರೆ ಮೂಳೆಗಳು ಒಂದೊಂದಾಗಿ ಬೆರಳಿಗೆ ಸಿಗುತ್ತಿದ್ದವು. ಮೈ ನೆಕ್ಕಿಕೊಳ್ಳುವುದನ್ನೂ ಬಿಟ್ಟಿದ್ದಳು. ಬಿಳಿ ಕೂದಲು ಗಂಟುಗಂಟಾಗಿತ್ತು. ಒಂದು ಬೆಳಿಗ್ಗೆ ಕಾವಲಿಯ ಮೇಲೆ ದೋಸೆ ಚುಂಯ್ ಅಂದಾಗ ತಲೆ ಎತ್ತಿದಳು. ಮೂಗು ಅರಳಿಸಿದಳು. ನನಗೆ ಜೀವ ಬಂದಂತಾಯಿತು. ಓಡಿಹೋಗಿ ಒಂದು ತುಂಡು ದೋಸೆ ತಂದು ಅವಳ ಮುಂದಿಟ್ಟೆ.

ಮಾವ ಹಾರಿ ಬಂದು ತಟ್ಟೆ ಕಿತ್ತುಕೊಂಡರು. "ಜಿಡ್ಡು! ಕೊಲ್ಲುತ್ತೀಯಾ ಅದನ್ನು?"

ಮಹಾರಾಣಿ ತಲೆ ಕೆಳಗಿಟ್ಟಳು. ಮತ್ತೆ ಎತ್ತಲಿಲ್ಲ.

ಆ ದಿನವೇ ಅಮ್ಮನ ಟ್ರಂಕ್ ಕಾಲ್ ಬಂತು. ಮಾವ ತರಕಾರಿ ಮಂಡಿಗೆ ಹೋಗಿದ್ದರು. ಅಮ್ಮ ಗುಟ್ಟಿನ ದನಿಯಲ್ಲಿ ಕಿರುಚುತ್ತಿದ್ದಳು. ಗುಟ್ಟಿನಲ್ಲಿ ಕಿರುಚುವುದು ಹೇಗೆಂದು ಕೇಳಬೇಡಿ, ಟ್ರಂಕ್ ಕಾಲಿನಲ್ಲಿ ಮಾತಾಡಿದವರಿಗೆ ಗೊತ್ತು.

"ಏ, ಪಕ್ಕದಲ್ಲಿ ಯಾರಿದ್ದಾರೆ? ಯಾರೂ ಇಲ್ಲವಾ? ನಿಜ ಹೇಳು. ಆ ಮಗು ಯಾರದ್ದು?"

"ಯಾವ ಮಗು?"

"ನಾಟಕ ಮಾಡಬೇಡ! ಅಣ್ಣನ ಮನೆಯಲ್ಲಿ ನಾಲ್ಕು ವರ್ಷದ ಹೆಣ್ಣು ಮಗು ಉಂಟಂತೆ. ಪೋಸ್ಟ್ ಮಾಸ್ಟರಿಂದ ಹಿಡಿದು ಭಜನೆಗೆ ಬರುವವರ ತನಕ ಎಲ್ಲರೂ ಕೇಳ್ತಿದ್ದಾರೆ. ಯಾರನ್ನು ಕಟ್ಟಿಕೊಂಡಿದ್ದಾನೆ ಅಲ್ಲಿ? ಪಂಜಾಬಿಯಾ?"

"ಅಯ್ಯೋ, ಅದು ಬೆಕ್ಕಮ್ಮಾ!"

"ಬೆಕ್ಕಮ್ಮ ಅಂತ ಹೆಸರಿಟ್ಟಿದ್ದಾರಾ ಮಗುವಿಗೆ?"

"ಬೆಕ್ಕು, ಅಮ್ಮಾ, ಬೆಕ್ಕು! ಮ್ಯಾಂವ್!"

ಅಮ್ಮ ನಕ್ಕಳು ನೋಡಿ, ದುಡ್ಡು ಸುರಿದು ಹಿಡಿದ ಟ್ರಂಕ್ ಕಾಲ್ ಅರ್ಧ ಅವಳ ನಗುವಿಗೇ ಹೋಯಿತು. ಕೊನೆಗೆ ಕಣ್ಣೊರೆಸಿಕೊಂಡಿರಬೇಕು. "ಪಾಪ, ಬೆಕ್ಕಿಗೆಂತ ಆಗಿದೆ?" ಎಂದಳು.

"ಅರಸಿನ ಕಾಮಾಲೆ."

ಲೈನು ಹೋಯಿತೆಂದು ಹಲೋ ಹಲೋ ಎಂದೆ.

"ನಿನ್ನ ಅತ್ತೆ ಹೋದದ್ದು ಅದರಲ್ಲೇ," ಎಂದಳು ಅಮ್ಮ. ಈಗ ದನಿ ಬೇರೆಯಾಗಿತ್ತು. "ದಿಲ್ಲಿಗೆ ಹೋದ ಹೊಸತು. ಅಣ್ಣ ಯಾರದೋ ಹೋಟೆಲಿನಲ್ಲಿ ಗಲ್ಲಾಕ್ಕೆ ಕೂತಿದ್ದ. ಗೊತ್ತಾಗುವಾಗಲೇ ತಡವಾಗಿತ್ತು ಮಗಾ. ಆಮೇಲೆಯೇ ಅವನು ಸಿಕ್ಕಿದವರ ಕಣ್ಣು ಬಿಡಿಸಿ ನೋಡಲಿಕ್ಕೆ ಶುರು ಮಾಡಿದ್ದು. ಕೇಳು, ಆ ಬೆಕ್ಕಿಗೆ ಏನಾದ್ರೂ ಆದ್ರೆ ಅಣ್ಣನನ್ನು ಹಿಡಿಯಲಿಕ್ಕೆ ಆಗ್ಲಿಕ್ಕಿಲ್ಲ. ಡಾಕ್ಟರಿಗೆ ತೋರಿಸು ಮಾರಾಯ್ತಿ. ಇವತ್ತೇ ತೋರಿಸು."

ಮಂಡಿಯಿಂದ ಬಂದ ಮಾವನಿಗೆ ನಾನು ಬಾಗಿಲಲ್ಲೇ ಹೇಳಿದೆ. "ಮಾವ, ಡಾಕ್ಟರಿಗೆ ತೋರಿಸಬೇಕು."

"ಪಥ್ಯ ನಡೀತಾ ಉಂಟಲ್ಲ."

"ಪಥ್ಯದಿಂದ ಏನೂ ಆಗ್ತಿಲ್ಲ. ನೋಡಿ ಅದರ ಅವಸ್ಥೆ!"

"ಆಗ ಶುರು ಮಾಡುವಾಗಲೇ ತಡವಾಗಿತ್ತು!" ಎಂದು ಕೂಗಿದರು ಮಾವ. ಯಾವ 'ಆಗ' ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. "ಈ ಸಲ ಮೊದಲ ದಿನದಿಂದ ಹಿಡಿದಿದ್ದೇನೆ. ಒಂದು ಹೊತ್ತು ತಪ್ಪಿಸಿಲ್ಲ. ಈಗ ನಡುವೆ ಬಿಡಲಾ?"

"ನಾನಂತೂ ತೆಗೆದುಕೊಂಡು ಹೋಗ್ತೇನೆ. ನೀವು ಬಂದ್ರೆ ಬನ್ನಿ, ಇಲ್ಲದಿದ್ರೆ ಗಂಜಿತಿಳಿ ಕುಡಿದು ಇಲ್ಲೇ ಕೂತಿರಿ!" ಎಂದು ನಾನು ತರಕಾರಿಯ ಬೆತ್ತದ ಬುಟ್ಟಿ ಖಾಲಿ ಮಾಡಿದೆ. ಮಾವ ತಮ್ಮ ಶಾಲು ತಂದು ಬುಟ್ಟಿಯಲ್ಲಿ ಹಾಸಿದರು.

ಮೊದಲು ಹೋದದ್ದು ಅಲ್ಲೇ ಇದ್ದ ಸರಕಾರಿ ಪಶು ಆಸ್ಪತ್ರೆಗೆ. ಅಂಗಳದ ತುಂಬ ಎಮ್ಮೆಗಳು. ಡಾಕ್ಟರು ಒಂದು ಎಮ್ಮೆಯ ಹಿಂದೆ ಮೊಣಕೈವರೆಗೆ ಮುಳುಗಿದ್ದರು. ಬುಟ್ಟಿಯ ಕಡೆ ತಿರುಗಿಯೂ ನೋಡದೆ, ಹಾಲೆಷ್ಟು ಕೊಡುತ್ತದೆ ಎಂದು ಅಭ್ಯಾಸಬಲದಿಂದ ಕೇಳಿದರು: "ದೂಧ್ ಕಿತ್ನಾ ದೇತೀ ಹೈ?"

"ದೇತಾ ನ‌ಹೀ," ಎಂದರು ಮಾವ ದೈನ್ಯದಿಂದ, "ಪೀತಾ ಹೈ." ಕೊಡುವುದಿಲ್ಲ, ಕುಡಿಯುತ್ತದೆ!

ಆ ಡಾಕ್ಟರು ಒಳ್ಳೆಯವರು. ಬೆಕ್ಕಿನ ಕಾಯಿಲೆ ನನಗೆ ತಿಳಿಯದು ಎಂದು ಒಪ್ಪಿಕೊಂಡು, ದೆಹಲಿಯ ಕಶ್ಮೀರಿ ಗೇಟಿನ ಹತ್ತಿರ ನಾಯಿ-ಬೆಕ್ಕು ನೋಡುವ ಒಬ್ಬ ವಯಸ್ಸಾದ ಡಾಕ್ಟರು ಇದ್ದಾರೆ, ಅಲ್ಲಿಗೆ ಓಡಿ ಎಂದರು.

ಲೋಕಲ್ ರೈಲು ಅಂದು ನಿಂತು ನಿಂತು ಹೋಯಿತು. ಮಾವ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಶಾಲಿನೊಳಗೆ ಕೈಹಾಕಿ ಕೂತಿದ್ದರು. ಎದುರಿನ ಹೆಂಗಸು ಒಳಗೇನು ಎಂದು ಕೇಳಿದಳು. "ಬಚ್ಚಾ ಬೀಮಾರ್ ಹೈ," ಮಗುವಿಗೆ ಹುಷಾರಿಲ್ಲ ಎಂದರು ಮಾವ. ಆಕೆ ಬಾಲ ನೋಡಿ ಜಾಗ ಬದಲಿಸಿದಳು. ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ.

"ಉಸಿರುಂಟಾ ಮಾವ?"

"ಉಂಟು."

ಇನ್ನೊಂದು ಸ್ಟೇಷನ್.

"ಉಂಟಾ?"

"ಸುಮ್ಮನಿರು ಮಾರಾಯ್ತಿ. ನೀನು ಮಾತಾಡಿದ್ರೆ ನನಗೆ ತಿಳಿಯುವುದಿಲ್ಲ."

ದೆಹಲಿಯ ಡಾಕ್ಟರಿಗೆ ದಪ್ಪ ಕನ್ನಡಕ, ಸಣ್ಣ ಮಾತು. ಬೆಕ್ಕಿನ ಬಾಯಿ ಬಿಡಿಸಿ ನೋಡಿದರು, ಹೊಟ್ಟೆ ಒತ್ತಿ ನೋಡಿದರು, ಕತ್ತಿನ ಚರ್ಮ ಚಿವುಟಿ ಎತ್ತಿ ಬಿಟ್ಟರು. ಎತ್ತಿದ ಚರ್ಮ ಹಾಗೆಯೇ ನಿಂತಿತು. ಏನು ತಿನ್ನಿಸುತ್ತಿದ್ದೀರಿ ಎಂದು ಕೇಳಿದರು.

ಮಾವ ನೆಟ್ಟಗೆ ನಿಂತು ಒಪ್ಪಿಸಿದರು. ಉಪ್ಪಿಲ್ಲ, ಹುಳಿಯಿಲ್ಲ, ಎಣ್ಣೆಯಿಲ್ಲ, ತುಪ್ಪವಿಲ್ಲ, ಗಂಜಿತಿಳಿ ಮಾತ್ರ. ಒಮ್ಮೆ ದೋಸೆಗೆ ಆಸೆಪಟ್ಟಿತು, ಅದನ್ನೂ ತಾನು ಬಿಡಲಿಲ್ಲ ಎಂದು ಹೇಳಿದರು. ಶಾಭಾಸ್ ಎನ್ನುತ್ತಾರೆಂದು ಕಾಯುತ್ತಿದ್ದರು ಪಾಪ.

ಡಾಕ್ಟರು ಕನ್ನಡಕ ತೆಗೆದರು. ಬೈಯಲಿಲ್ಲ. ನಿಧಾನವಾಗಿ ಹಿಂದಿಯಲ್ಲಿ ಬಿಡಿಸಿ ಹೇಳಿದರು. ಕಾಮಾಲೆ ಬಂದ ಮನುಷ್ಯ ಗಂಜಿ ಕುಡಿದುಕೊಂಡು ಕೆಲವು ದಿನ ಕಳೆದಾನು. ಬೆಕ್ಕಿಗೆ ಅದು ಆಗದು. ಬೆಕ್ಕು ತಿನ್ನುವುದು ಬಿಟ್ಟರೆ ಅದರ ಪಿತ್ತಜನಕಾಂಗ ಇನ್ನಷ್ಟು ಕೆಡುತ್ತದೆ, ಕೆಟ್ಟಷ್ಟೂ ಹಸಿವು ಸಾಯುತ್ತದೆ. ಏಕೆ ಹಾಗೆ ಎಂದು ತನಗೂ ಪೂರ್ತಿ ತಿಳಿಯದು, ಆದರೆ ಎಷ್ಟೋ ಬೆಕ್ಕುಗಳಲ್ಲಿ ಕಂಡದ್ದು ಇದನ್ನೇ. ಮೊದಲು ಬಂದ ಕಾಯಿಲೆ ಯಾವುದೋ ಏನೋ, ಈಗ ಇದನ್ನು ಕೊಲ್ಲುತ್ತಿರುವುದು ಉಪವಾಸ.

ಮಾವನ ಮುಖ ನಾನು ನೋಡಲಿಲ್ಲ. ನೋಡುವ ಧೈರ್ಯವಾಗಲಿಲ್ಲ.

"ಬಚೇಗೀ?" ಬದುಕೀತೇ ಎಂದು ಕೇಳಿದರು ಮಾವ.

ಡಾಕ್ಟರು ಚರ್ಮದಡಿಗೆ ಗ್ಲೂಕೋಸ್ ನೀರು ಏರಿಸುತ್ತ ಹೇಳಿದರು: "ಜಬರ್‌ದಸ್ತಿ ಖಿಲಾವೋ. ಮಛಲೀ ಕಾ ಸೂಪ್, ಅಂಡಾ, ಕಲೇಜಿ. ದಿನ್ ಮೇ ಕಯೀ ಬಾರ್, ಥೋಡಾ ಥೋಡಾ. ಜಿಸ್ ದಿನ್ ಖುದ್ ಖಾಯೇಗೀ, ಸಮಝೋ ಬಚ್ ಗಯೀ." ಬಲವಂತವಾಗಿಯಾದರೂ ಮೀನು, ಮೊಟ್ಟೆ, ಮಾಂಸ ತಿನ್ನಿಸಬೇಕು, ತಾನಾಗಿ ತಿಂದ ದಿನ ಉಳಿಯಿತೆಂದು ತಿಳಿಯಬೇಕು.

ಮಾವ ಬೆಚ್ಚಿದರು. "ಡಾಕ್ಟರ್ ಸಾಬ್, ಹಮ್ ಬ್ರಾಹ್ಮಣ್ ಹೈ."

"ಆಪ್ ಹೋಂಗೇ," ಎಂದರು ಡಾಕ್ಟರು ಸೂಜಿ ತೆಗೆಯುತ್ತ. "ಬಿಲ್ಲೀ ತೋ ನಹೀಂ ಹೈ." ನೀವಿರಬಹುದು, ಬೆಕ್ಕು ಅಲ್ಲವಲ್ಲ!

ಮೀನಿನ ಸೂಪು! ಉಡುಪಿ ಹೋಟೆಲಿನಲ್ಲಿ! ಭಟ್ಟರಿಗೆ ಸುದ್ದಿ ತಿಳಿದದ್ದೇ ತಡ, ಟ್ರಂಕು ಕಟ್ಟಿದರು. "ಧಣಿ, ಮೀನು ಈ ಹೊಸಿಲು ದಾಟಿದ್ರೆ ನಾನು ಊರಿಗೆ." ಹಾಗಾಗಿ ತೀರ್ಪು ಏನಾಯಿತೆಂದರೆ, ಮೀನು ಹೋಟೆಲಿಗೆ ಬರಬಾರದು, ಹಿಂದಿನ ಮೆಟ್ಟಿಲಿನಿಂದ ಮೇಲಿನ ಕೋಣೆಗೆ ಹೋಗಬಹುದು. ಮೇಲಿನ ಕೋಣೆ ಯಾರದು? ನನ್ನದು! ನನ್ನನ್ನು ಯಾರಾದರೂ ಕೇಳಿದರೇ? ಇಲ್ಲ.

ಬೇಯಿಸುವವರು ಯಾರು? ಹಿಂದಿನ ಬೀದಿಯಲ್ಲಿ ಒಬ್ಬ ಬಂಗಾಲಿ ಇಂಜಿನಿಯರರ ಮನೆಯಿತ್ತು. ಆ ಮನೆಯೊಡತಿ ಸಂತೋಷದಿಂದ ಒಪ್ಪಿದರು. ಮಾವ ದಿನಾ ಬೆಳಿಗ್ಗೆ ಸಂಜೆ ಮೂಗಿಗೆ ಅಂಗವಸ್ತ್ರ ಕಟ್ಟಿಕೊಂಡು, ಕೈಯನ್ನು ಆದಷ್ಟು ದೂರ ಚಾಚಿ, ಟಿಫಿನ್ ಕ್ಯಾರಿಯರ್ ಹಿಡಿದು ಆ ಬಾಗಿಲಿನಿಂದ ಹೊರಬರುತ್ತಿದ್ದರು. ಫರೀದಾಬಾದು ಎಷ್ಟು ದೊಡ್ಡ ಊರು? ಸುದ್ದಿ ಢಾಬಾಕ್ಕೆ ಮುಟ್ಟಿತು.

ಸರ್ದಾರ್‌ಜಿ ದಾರಿಯಲ್ಲಿ ಅಡ್ಡಹಾಕಿ, ಗುಟ್ಟಾಗಿ ಮೀನು ತಿನ್ನುತ್ತೀರಾ ಎಂದು ಕಣ್ಣು ಮಿಟುಕಿಸಿದರು. "ಅಣ್ಣಾ, ಚುಪ್‌ಕೇ ಚುಪ್‌ಕೇ ಮಛಲೀ ಖಾತೇ ಹೋ?"

ಬೆಕ್ಕಿಗೆಂದು ಹೇಳಿದ್ದರೆ ಮುಗಿಯುತ್ತಿತ್ತು. ನಮ್ಮ ಮಾವನ ಬಾಯಿಂದ ಆ ಮಾತು ಬಂದೀತೆ? ಎದೆ ಸೆಟೆಸಿ ಹೇಳಿದರು: "ಹಾಂ, ಖಾತಾ ಹೂಂ! ಕ್ಯಾ ಕರೇಗಾ?"

ಬೆಕ್ಕನ್ನು ಪ್ರೀತಿಸುತ್ತೇನೆ ಎಂದು ಒಪ್ಪಿಕೊಳ್ಳುವುದಕ್ಕಿಂತ ಮೀನು ತಿನ್ನುತ್ತೇನೆ ಎಂದು ಒಪ್ಪಿಕೊಳ್ಳುವುದು ಅವರಿಗೆ ಸುಲಭವಾಯಿತು!

ಮೇಲಿನ ಕೋಣೆಯಲ್ಲಿ ನಾನು ಮಹಾರಾಣಿಯನ್ನು ಟವಲಿನಲ್ಲಿ ಸುತ್ತಿ ಹಿಡಿಯುತ್ತಿದ್ದೆ. ಮಾವ ಸೂಜಿ ತೆಗೆದ ಸಿರಿಂಜಿನಲ್ಲಿ ಸೂಪು ಎಳೆದು ಅವಳ ಕೆನ್ನೆಯೊಳಗೆ ಹನಿಹನಿಯಾಗಿ ಬಿಡುತ್ತಿದ್ದರು. ವಾಸನೆ ತಡೆಯದೆ ಕಿಟಕಿಗೆ ಓಡಿ ಓಕರಿಸಿ, ಬಾಯಿ ತೊಳೆದು, ಮತ್ತೆ ಬಂದು ಕೂರುತ್ತಿದ್ದರು. ಮುಗಿದ ಮೇಲೆ ತಣ್ಣೀರು ಸ್ನಾನ. ಪ್ರತಿ ಸಲವೂ. ಕುಡಿಸಿದ್ದರಲ್ಲಿ ಅರ್ಧ ಅವಳ ಗದ್ದದಿಂದ ನನ್ನ ಸೀರೆಗೆ ಇಳಿಯುತ್ತಿತ್ತು. ಕಾಲೇಜಿನಲ್ಲಿ ನನ್ನ ಪಕ್ಕದ ಬೆಂಚು ಖಾಲಿಯಾಯಿತು.

"ಇನ್ನಾದ್ರೂ ನಿಮ್ಮ ಪಥ್ಯ ಬಿಡಿ ಮಾವ. ಡಾಕ್ಟರು ಹೇಳಿದ್ದು ಕೇಳಲಿಲ್ಲವಾ?"

"ಅದರದ್ದು ಬಿಡಿಸಿದ್ದೇನಲ್ಲ. ನನ್ನದು ಇರಲಿ."

ಹಳದಿ ಇಳಿಯುವುದು ಕಾಣುತ್ತಿರಲಿಲ್ಲ. ಒಂದು ದಿನ ಸೂಪು ಉಳಿಸಿಕೊಂಡರೆ ಇನ್ನೊಂದು ದಿನ ಎಲ್ಲ ಕಾರಿಬಿಡುತ್ತಿದ್ದಳು. ಮಾವ ಗಲ್ಲಾದಲ್ಲಿ ಕೂತು ಚಿಲ್ಲರೆ ತಪ್ಪು ಕೊಡುತ್ತಿದ್ದರು. ಯಾರ ರೆಪ್ಪೆಯನ್ನೂ ಜಗ್ಗುತ್ತಿರಲಿಲ್ಲ. ನನಗೆ ಅದೇ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿತು. ಒಮ್ಮೆ ನಾನೇ ಎದುರು ನಿಂತು, "ಮಾವ, ನನ್ನ ಕಣ್ಣು ನೋಡುವುದಿಲ್ಲವಾ?" ಎಂದೆ. ಅವರು ತಲೆಯಾಡಿಸಿ, "ನನಗೆಂತ ಗೊತ್ತುಂಟು," ಎಂದರು.

ಒಂದು ಭಾನುವಾರ ಮಧ್ಯಾಹ್ನ. ಮಾವ ಸಿರಿಂಜು ಬಾಯಿಗೆ ತಂದರು, ಮಹಾರಾಣಿ ಮುಖ ತಿರುಗಿಸಿದಳು. ಮತ್ತೆ ತಂದರು, ಮತ್ತೆ ತಿರುಗಿಸಿದಳು. ಟವಲಿನೊಳಗೆ ಒದ್ದಾಡಿದಳು. ಕೊನೆಯ ಒದ್ದಾಟ ಎಂದುಕೊಂಡೆ. ಹಿಡಿತ ತಾನಾಗಿ ಸಡಿಲವಾಯಿತು. ಅವಳು ಜಾರಿ ಕೆಳಗಿಳಿದಳು, ತೂರಾಡಿದಳು, ನಾಲ್ಕು ಹೆಜ್ಜೆ ನಡೆದು ಸೂಪಿನ ಬಟ್ಟಲಿನ ಅಂಚಿಗೆ ಒಂದು ಕಾಲಿಟ್ಟಳು. ಮೂಸಿದಳು. ಆಮೇಲೆ ನೆಕ್ಕಿದಳು. ಒಮ್ಮೆ ನೆಕ್ಕಿ ನಿಲ್ಲಿಸಿದಳು. ಮತ್ತೆ ನೆಕ್ಕಿದಳು. ಆಮೇಲೆ ನಿಲ್ಲಿಸಲೇ ಇಲ್ಲ.

ಮಾವ ಕೂತಲ್ಲಿಂದ ಅಲ್ಲಾಡಲಿಲ್ಲ. ಸಿರಿಂಜು ಕೈಯಲ್ಲೇ ಇತ್ತು. ಗೆದ್ದೆವು ಎಂದು ಕೂಗಲು ನಾನು ಬಾಯಿ ತೆರೆದಿದ್ದೆ.

"ನಿನ್ನ ಅತ್ತೆ ಶುಕ್ರವಾರ ಶುಕ್ರವಾರ ಮುಖಕ್ಕೆ ಅರಸಿನ ಹಚ್ಚಿ ಮೀಯುತ್ತಿದ್ದಳು," ಎಂದರು ಮಾವ, ಬೆಕ್ಕನ್ನೇ ನೋಡುತ್ತ.

ಅತ್ತೆಯ ಮಾತು ಅವರ ಬಾಯಿಂದ ನಾನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ.

"ಒಂದು ಸಂಜೆ ಹೋಟೆಲಿಂದ ಮನೆಗೆ ಹೋದೆ. ಬಾಗಿಲಲ್ಲಿ ನಿಂತಿದ್ದಳು. ಬಿಸಿಲು ಮುಖದ ಮೇಲೆ ಬಿದ್ದು ಚಿನ್ನದ ಹಾಗೆ ಕಾಣ್ತಾ ಇತ್ತು. 'ಇವತ್ತೆಂತ ಅರಸಿನ ಜೋರುಂಟು, ಚೆಂದ ಕಾಣ್ತೀ' ಅಂದೆ. ನಾಚಿಕೊಂಡು ಒಳಗೆ ಹೋದಳು."

ಕೆಳಗೆ ಹೋಟೆಲಿನಲ್ಲಿ ಯಾರೋ ತಟ್ಟೆ ಜೋಡಿಸುತ್ತಿದ್ದರು.

"ಅವತ್ತು ಬುಧವಾರ ಮಾರಾಯ್ತಿ. ಅವಳು ಅರಸಿನ ಹಚ್ಚಿಯೇ ಇರಲಿಲ್ಲ."

ನಾನು ಅವರ ಪಕ್ಕ ನೆಲದ ಮೇಲೆ ಕೂತೆ. ಮಹಾರಾಣಿ ಬಟ್ಟಲು ಖಾಲಿ ಮಾಡುವ ತನಕ ಮಾವ ತಡೆದುಕೊಂಡರು. ಆಮೇಲೆ ಅವರಿಂದ ಆಗಲಿಲ್ಲ. ನನ್ನಿಂದಲೂ ಆಗಲಿಲ್ಲ.